ಏರ್ ಜೋಡಿಯ 'ಮೂನ್ ಸಫಾರಿ' ಬರೀ ಹಿನ್ನೆಲೆ ಸಂಗೀತವೇ?

ನಿಮ್ಮ ಪ್ರಶ್ನೆ ಇಷ್ಟು: ಫ್ರಾನ್ಸಿನ ಏರ್ ಜೋಡಿಯ 'ಮೂನ್ ಸಫಾರಿ' ಆಲ್ಬಮ್ಮನ್ನು ಎಲ್ಲರೂ ಕೊಂಡಾಡುತ್ತಾರೆ, ನೀವೂ ಕೇಳಿದಿರಿ, ಹೋಟೆಲ್ ಲಾಬಿಯಲ್ಲಿ ಹಾಕುವ ಸಂಗೀತದ ಹಾಗಿದೆ ಅನ್ನಿಸಿತು. ಅದರಲ್ಲಿ ಅಂಥದ್ದೇನಿದೆ, ಹೇಗೆ ಮಾಡಿದರು, ಬಂದ ಹೊಸದರಲ್ಲಿ ಜನ ಏನಂದರು?

ಲಾಬಿ ಅಂದಿದ್ದರಲ್ಲಿ ನಿಮ್ಮ ತಪ್ಪೇನೂ ಇಲ್ಲ. 1998ರ ಜನವರಿಯಲ್ಲಿ ಬಂದ ಈ ಆಲ್ಬಂ ಆಮೇಲೆ ಲಾಬಿ, ಬಟ್ಟೆ ಅಂಗಡಿ, ಜಾಹೀರಾತು ಎಲ್ಲ ಕಡೆ ಓಡಿತು. ಅದನ್ನು ನೋಡಿಕೊಂಡು ಮಾಡಿದ ಸಾವಿರಾರು ಟ್ರ್ಯಾಕುಗಳು ಇವತ್ತಿಗೂ ಅಲ್ಲೆಲ್ಲ ಓಡುತ್ತಿವೆ. ನಕಲುಗಳನ್ನು ಮೊದಲು ಕೇಳಿ ಅಸಲಿಗೆ ಬಂದವರಿಗೆ ಅಸಲೂ ಹಾಗೇ ಕೇಳಿಸುತ್ತದೆ. ಆದರೂ ನಾನು ಈ ಆಲ್ಬಂ ಪರವಾಗಿ ವಾದ ಮಾಡುತ್ತೇನೆ. ನಾನು ಬೇಸ್ ಗಿಟಾರ್ ನುಡಿಸುವವನು, ಹಾಗಾಗಿ ನನ್ನ ವಾದವೂ ಕೆಳಗಿನ ಸ್ವರಗಳಿಂದಲೇ ಶುರುವಾಗುತ್ತದೆ.

ಮೊದಲ ಟ್ರ್ಯಾಕ್ 'ಲಾ ಫಾಮ್ ದಾರ್ಜಾಂ' ತೆಗೆದುಕೊಳ್ಳಿ. ಏಳು ನಿಮಿಷ, ಮಾತಿಲ್ಲ. ನಿಮ್ಮ ಗಮನ ಸಹಜವಾಗಿ ಮೇಲೆ ತೇಲುವ ಕೀಬೋರ್ಡುಗಳ ಕಡೆ ಹೋಗಿರುತ್ತದೆ. ಅದನ್ನು ಬಿಟ್ಟು ಬೇಸನ್ನು ಮಾತ್ರ ಹಿಡಿದುಕೊಂಡು ಹೋಗಿ. ಅದು ನಿಕೊಲಾ ಗೊದಾಂ ನುಡಿಸಿದ್ದು, ಹಾಫ್ನರ್ ಬೇಸ್‌ನಲ್ಲಿ. ಬೀಟಲ್ಸ್ ಕಾಲದಲ್ಲಿ ಪಾಲ್ ಮೆಕಾರ್ಟ್ನಿ ಕೈಯಲ್ಲಿ ಕಾಣುತ್ತಿದ್ದ, ಪಿಟೀಲಿನ ಆಕಾರದ ಜರ್ಮನ್ ವಾದ್ಯ. ಒಳಗೆ ಟೊಳ್ಳು, ತೂಕ ಕಡಿಮೆ. ತಂತಿ ಮೀಟಿದರೆ ಸ್ವರ ದುಂಡಗೆ ಹುಟ್ಟಿ ಬೇಗ ಅಡಗುತ್ತದೆ. ಎರಡು ಸ್ವರಗಳ ನಡುವೆ ತಾನಾಗಿಯೇ ಒಂದು ಸಂದು ಬಿಡುತ್ತದೆ. ಗೊದಾಂ ಆ ಸಂದುಗಳನ್ನು ತುಂಬಲು ಹೋಗಿಲ್ಲ. ಹಾಡಿನ ರಾಗ ಇರುವುದೇ ಬೇಸ್‌ನಲ್ಲಿ. ಮೇಲೆ ರೋಡ್ಸ್ ಎಲೆಕ್ಟ್ರಿಕ್ ಪಿಯಾನೊ, ಮೂಗ್ ಸಿಂಥಸೈಜರ್, ಚಪ್ಪಾಳೆ ಎಲ್ಲ ಅದಕ್ಕೆ ಉತ್ತರ ಕೊಡುತ್ತ ಹೋಗುತ್ತವೆ. ಸಾಮಾನ್ಯವಾಗಿ ಪಾಪ್ ಹಾಡಿನಲ್ಲಿ ಬೇಸ್ ಆಳು, ಗಾಯಕ ಒಡೆಯ. ಇಲ್ಲಿ ಅದು ತಿರುಗುಮುರುಗಾಗಿದೆ. ಏಳು ನಿಮಿಷ ಗಾಯಕನಿಲ್ಲದೆ ಹೋದರೂ ನಮಗೆ ಏನೂ ಕಡಿಮೆಯಾದಂತೆ ಅನ್ನಿಸದಿರುವುದಕ್ಕೆ ಅದೇ ಕಾರಣ.

ಈಗ ಇವರು ಯಾರು ಅನ್ನುವುದು. ಗೊದಾಂ ಮತ್ತು ಜ್ಯಾಂ-ಬೆನ್ವಾ ಡಂಕೆಲ್ ಇಬ್ಬರೂ ಪ್ಯಾರಿಸ್ ಪಕ್ಕದ ವರ್ಸೇಲ್ಸ್ ಊರಿನವರು. ಗೊದಾಂ ಓದಿದ್ದು ವಾಸ್ತುಶಿಲ್ಪ, ಡಂಕೆಲ್ ಗಣಿತ. ಏರ್ ಶುರುವಾಗುವ ಮೊದಲು ಇಬ್ಬರೂ ಆರೆಂಜ್ ಎನ್ನುವ ಬ್ಯಾಂಡಿನಲ್ಲಿದ್ದರು. ಮುಂದೆ ಹೌಸ್ ಎಂಬ ಕ್ಲಬ್ ನೃತ್ಯ ಸಂಗೀತದಲ್ಲಿ ಹೆಸರು ಮಾಡಿದ ಅಲೆಕ್ಸ್ ಗೋಫರ್ ಕೂಡ ಅದರಲ್ಲಿದ್ದವನು. ಫೀನಿಕ್ಸ್ ಬ್ಯಾಂಡ್ ಬಂದಿದ್ದೂ ಅದೇ ಊರಿಂದ. ಅರಮನೆ, ತೋಟ, ಅನುಕೂಲಸ್ಥರ ಮನೆಗಳ ಆ ಶಾಂತ ಊರಿನಿಂದ ಒಂದೇ ತಲೆಮಾರಿನಲ್ಲಿ ಇಷ್ಟು ಜನ ಬಂದರು ಅನ್ನುವುದು ನನಗೆ ಇವತ್ತಿಗೂ ಸೋಜಿಗ.

ಆಲ್ಬಮ್ಮಿಗೆ ಮುಂಚೆ 1997ರಲ್ಲಿ 'ಪ್ರಮಿಯೆ ಸಿಂಪ್ಟೋಮ್' ಎಂಬ ಚಿಕ್ಕ ಸಂಕಲನ ಬಂತು, ಅದರ ಮೇಲೆ ಸೋರ್ಸ್ ಲೇಬಲ್ ಮತ್ತು ವರ್ಜಿನ್ ನಂಬಿಕೆ ಇಟ್ಟವು. ಆ ಹೊತ್ತಿಗೆ ಪ್ಯಾರಿಸ್‌ನ ನೃತ್ಯ ಸಂಗೀತದ ಜೋಡಿ ಡಾಫ್ಟ್ ಪಂಕ್‌ನ 'ಹೋಮ್‌ವರ್ಕ್' ಆಲ್ಬಂ ಬಂದಾಗಿತ್ತು. ಫ್ರೆಂಚ್ ಪಾಪ್ ಅಂದರೆ ಮೂಗು ಮುರಿಯುತ್ತಿದ್ದ ಬ್ರಿಟನ್ನಿನ ಸಂಗೀತ ಪತ್ರಿಕೆಗಳು ಮೊದಲ ಸಲ ಪ್ಯಾರಿಸ್ ಕಡೆ ತಿರುಗಿ ನೋಡುತ್ತಿದ್ದವು. ಏರ್‌ಗೆ ಬಾಗಿಲು ತೆರೆದಿತ್ತು. ಆದರೆ ಒಳಗಿದ್ದವರೆಲ್ಲ ಕುಣಿಯುತ್ತಿದ್ದರು, ಇವರು ಕುಣಿಸುವವರಾಗಿರಲಿಲ್ಲ.

ಧ್ವನಿಮುದ್ರಣದ ಬಹುಪಾಲು ಪ್ಯಾರಿಸ್ ಹೊರವಲಯದ ಮನೆಯೊಂದರಲ್ಲಿ, ತಾವೇ ಜೋಡಿಸಿಕೊಂಡ ಸ್ಟುಡಿಯೋದಲ್ಲಿ ನಡೆಯಿತು. ಸಾಮಾನು ಹಳೆಯದು: ಮಿನಿಮೂಗ್, ಕೋರ್ಗ್ ಎಂಎಸ್-20 ಸಿಂಥಸೈಜರ್‌ಗಳು, ರೋಡ್ಸ್ ಮತ್ತು ವುರ್ಲಿಟ್ಸರ್ ಎಲೆಕ್ಟ್ರಿಕ್ ಪಿಯಾನೊಗಳು, ಸೋಲಿನಾ ಸ್ಟ್ರಿಂಗ್ ಆನ್ಸಾಂಬಲ್, ವೊಕೋಡರ್. ಎಲ್ಲವೂ ಹೆಚ್ಚುಕಡಿಮೆ 70ರ ದಶಕದವು. ಕಂಪ್ಯೂಟರ್ ಪರದೆಯ ಮೇಲೆ ತುಂಡು ಜೋಡಿಸಿ ಹಾಡು ಕಟ್ಟುವ ಪದ್ಧತಿ ಜೋರಾಗುತ್ತಿದ್ದ ಕಾಲದಲ್ಲಿ ಇವರು ಹೆಚ್ಚಿನದನ್ನು ಕೈಯಲ್ಲೇ ನುಡಿಸಿದರು.

ಸೋಲಿನಾ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಈ ಆಲ್ಬಮ್ಮಿನ ಗಾಳಿಯಂಥ ಮೈ ಬರುವುದು ಅದರಿಂದ. ಹಾಲೆಂಡಿನಲ್ಲಿ ತಯಾರಾದ ಕೀಬೋರ್ಡ್ ಅದು, ಪಿಟೀಲುಗಳ ಗುಂಪನ್ನು ಅನುಕರಿಸಲೆಂದೇ ಮಾಡಿದ್ದು. ಒಳಗಿನ ಮೂಲ ಸದ್ದು ಆರ್ಗನ್ನಿನಂತೆ ಚಪ್ಪಟೆ. ಆ ಒಂದೇ ಸದ್ದನ್ನು ಮೂರು ದಾರಿಗೆ ಒಡೆದು, ಪ್ರತಿಯೊಂದನ್ನೂ ಕೂದಲೆಳೆಯಷ್ಟು ತಡ ಮಾಡಿ, ಆ ತಡವನ್ನೂ ಒಂದೇ ಸಮ ಅಲುಗಾಡಿಸುತ್ತ ಮತ್ತೆ ಸೇರಿಸುತ್ತದೆ. ಮೂರೂ ಒಂದಕ್ಕೊಂದು ಸರಿಯಾಗಿ ಕೂರುವುದೇ ಇಲ್ಲ. ಆ ಕೂರದಿರುವಿಕೆಯೇ ಕಿವಿಗೆ 'ಬಹಳ ಜನ ನುಡಿಸುತ್ತಿದ್ದಾರೆ' ಎಂಬ ಭ್ರಮೆ ಕೊಡುತ್ತದೆ. ನಿಜವಾದ ಪಿಟೀಲು ಅಂತ ಯಾರೂ ಮೋಸ ಹೋಗುವುದಿಲ್ಲ. ಆದರೆ ಸುಳ್ಳು ಅಂತ ತಳ್ಳಿಹಾಕಲೂ ಆಗದ ಒಂದು ಜಾಗದಲ್ಲಿ ಆ ಸದ್ದು ನಿಂತುಬಿಡುತ್ತದೆ.

ಈ ಅನುಕರಣೆಯ ಪಕ್ಕದಲ್ಲೇ ಏರ್ ನಿಜವಾದ ಪಿಟೀಲುಗಳನ್ನೂ ತಂದು ಕೂರಿಸಿದರು ಅನ್ನುವುದು ನನಗೆ ಬಹಳ ಮೆಚ್ಚುಗೆಯ ವಿಷಯ. ಲಂಡನ್ನಿನ ಆಬಿ ರೋಡ್ ಸ್ಟುಡಿಯೋಗೆ ಹೋಗಿ, ಡೇವಿಡ್ ವಿಟಕರ್ ಕೈಲಿ ವಾದ್ಯವೃಂದದ ಸಂಯೋಜನೆ ಮಾಡಿಸಿದರು. 60ರ ದಶಕದಲ್ಲಿ ಫ್ರೆಂಚ್ ಪಾಪ್ ಗಾಯಕರಿಗೂ ಕೆಲಸ ಮಾಡಿದ್ದ ಇಂಗ್ಲಿಷ್ ಸಂಯೋಜಕ ಆತ. ದಿ ವರ್ವ್ ಬ್ಯಾಂಡಿನ 'ಬಿಟರ್ ಸ್ವೀಟ್ ಸಿಂಫನಿ' ಕೇಳಿದ್ದೀರಲ್ಲ, ಅದರ ಪಿಟೀಲಿನ ಮೂಲ ಆಂಡ್ರೂ ಓಲ್ಡ್‌ಹ್ಯಾಮ್ ಆರ್ಕೆಸ್ಟ್ರಾದ ಹಳೆಯ ರೆಕಾರ್ಡು. ಅದರ ಸಂಯೋಜನೆಯೂ ವಿಟಕರ್‌ದೇ. 'ಟ್ಯಾಲಿಸ್ಮನ್' ಕೇಳಿ. ವಿಟಕರ್‌ನ ತಂತಿಗಳು ಒಂದೊಂದೇ ಮೆಟ್ಟಿಲು ಏರುತ್ತ ಬಂದಾಗ ಹಳೆಯ ಪತ್ತೇದಾರಿ ಸಿನಿಮಾದ ಬೆಳಕು ಬೀಳುತ್ತದೆ. ಇಲ್ಲಿ ಯಾವುದು ಯಂತ್ರ, ಯಾವುದು ಮನುಷ್ಯ ಅಂತ ಬೇರ್ಪಡಿಸುವ ಗೋಜಿಗೆ ಕಿವಿ ಹೋಗುವುದೇ ಇಲ್ಲ. ಹಾಗಾಗಲಿ ಅಂತಲೇ ಮಾಡಿದ್ದು ಅನ್ನುವುದು ನನ್ನ ನಂಬಿಕೆ. ಸಿಂಥ್‌ಪಾಪ್‌ನಲ್ಲಿ, ಅಂದರೆ ಸಿಂಥಸೈಜರ್ ಮೇಲೆ ಕಟ್ಟಿದ ಪಾಪ್‌ನಲ್ಲಿ, ಬಹಳ ಜನ ಯಂತ್ರದ ಯಾಂತ್ರಿಕತೆಯನ್ನೇ ಎತ್ತಿ ತೋರಿಸುತ್ತಾರೆ. ಇವರು ಯಂತ್ರಕ್ಕೆ ಉಸಿರಾಡುವಷ್ಟು ಸಮಯ ಕೊಟ್ಟರು.

ಧ್ವನಿಗಳ ವಿಷಯದಲ್ಲೂ ಇದೇ ಕತೆ. 'ಕೆಲ್ಲಿ ವಾಚ್ ದ ಸ್ಟಾರ್ಸ್'ನಲ್ಲಿ ಶೀರ್ಷಿಕೆಯ ನಾಲ್ಕು ಪದ ಬಿಟ್ಟರೆ ಬೇರೆ ಸಾಹಿತ್ಯವೇ ಇಲ್ಲ. 'ಚಾರ್ಲೀಸ್ ಏಂಜಲ್ಸ್' ಟಿವಿ ಸರಣಿಯಲ್ಲಿ ಜಾಕ್ಲಿನ್ ಸ್ಮಿತ್ ಮಾಡಿದ ಕೆಲ್ಲಿ ಪಾತ್ರವೇ ಈ ಕೆಲ್ಲಿ. ಹಾಡಿರುವುದು ವೊಕೋಡರ್ ಮೂಲಕ: ಮಾತಿನ ಆಕಾರ ಬಾಯಿಯದು, ಸ್ವರ ಕೀಬೋರ್ಡಿನದು. ಹಾಗಾಗಿ ಹಾಡುತ್ತಿರುವುದು ಗಂಡೋ ಹೆಣ್ಣೋ ಅನ್ನುವ ಪ್ರಶ್ನೆ ಕರಗಿಹೋಗುತ್ತದೆ. 'ಸೆಕ್ಸಿ ಬಾಯ್'ನಲ್ಲಂತೂ ಆ ಅಸ್ಪಷ್ಟತೆಯೇ ವಸ್ತು. ಗಂಡಸಿನ ಚೆಲುವನ್ನು ಗಂಡಸಿನದೇ ತೆಳು ದನಿ ಹಂಬಲದಿಂದ ಹಾಡುತ್ತದೆ, ಕೆಳಗೆ ಒರಟಾದ, ಸ್ವಲ್ಪ ಹರಿದ ಸಿಂಥ್ ಬೇಸ್ ಗುರುಗುಟ್ಟುತ್ತಿರುತ್ತದೆ. ಲಾಬಿಯಲ್ಲಿ ಹಾಕುವವರು ಆ ಬೇಸ್‌ನ ಒರಟುತನವನ್ನು ಕೇಳಿಸಿಕೊಂಡಿಲ್ಲ ಅಂತಲೇ ನನಗನ್ನಿಸುತ್ತದೆ.

ಬೆತ್ ಹರ್ಷ್ ಹಾಡಿದ ಎರಡು ಹಾಡುಗಳಿವೆ: 'ಆಲ್ ಐ ನೀಡ್' ಮತ್ತು 'ಯು ಮೇಕ್ ಇಟ್ ಈಸಿ'. ಆಗ ಪ್ಯಾರಿಸ್‌ನಲ್ಲಿ ನೆಲೆಸಿದ್ದ ಅಮೆರಿಕನ್ ಗಾಯಕಿ ಆಕೆ. ಇಡೀ ಆಲ್ಬಮ್ಮಿನಲ್ಲಿ ಮುಸುಕಿಲ್ಲದ ಕೊರಳು ಆಕೆಯದೊಂದೇ. ಆಕೆ ಬಾಯಿ ತೆರೆದ ಕೂಡಲೇ ಕೋಣೆಗೆ ಒಬ್ಬ ಮನುಷ್ಯರು ಬಂದು ಕೂತಂತಾಗುತ್ತದೆ. 'ರಿಮೆಂಬರ್' ರಚನೆಯಲ್ಲಿ ಜ್ಯಾಂ-ಜಾಕ್ ಪೆರ್ರೆ ಹೆಸರಿದೆ. 1929ರಲ್ಲಿ ಹುಟ್ಟಿ, ಒಂಡಿಯೋಲಿನ್ ಎಂಬ ಆರಂಭದ ಎಲೆಕ್ಟ್ರಾನಿಕ್ ಕೀಬೋರ್ಡನ್ನು ಊರೂರು ತೋರಿಸಿಕೊಂಡು ಅಮೆರಿಕ ಸೇರಿದ ಫ್ರೆಂಚ್ ಹಿರಿಯ ಆತ. ಎಪ್ಪತ್ತರ ಹತ್ತಿರದ ಆ ಹಿರಿಯನನ್ನು ಹುಡುಕಿಕೊಂಡು ಹೋಗಿ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಪಾಲು ಕೊಟ್ಟರಲ್ಲ, ಅದರಲ್ಲಿ ಇವರ ಮನಸ್ಸು ಕಾಣುತ್ತದೆ. ಹಳೆಯ ಸದ್ದನ್ನು ತಮಾಷೆಗೆ ಎತ್ತಿಕೊಂಡವರು ಹಾಗೆ ಮಾಡುವುದಿಲ್ಲ.

ಮಿಕ್ಸಿಂಗ್ ಪ್ಯಾರಿಸ್‌ನಲ್ಲಿ ಸ್ಟೆಫಾನ್ 'ಆಲ್ಫ್' ಬ್ರಿಯಾ ಮಾಡಿದ್ದು. ಮುಖಪುಟ ಮತ್ತು ವಿಡಿಯೋಗಳು ಮೈಕ್ ಮಿಲ್ಸ್‌ನವು, ಮುಂದೆ ಸಿನಿಮಾ ನಿರ್ದೇಶಕನಾದ ಅಮೆರಿಕದ ವಿನ್ಯಾಸಕಾರ. ಚಂದ್ರನಿಗೆ ಹಾರುವ ಮಂಗನ ಗೊಂಬೆ, ಟೇಬಲ್ ಟೆನ್ನಿಸ್ ಪಂದ್ಯ, ಇವನ್ನು ನೋಡಿಲ್ಲದಿದ್ದರೆ ಯೂಟ್ಯೂಬ್‌ನಲ್ಲಿ ಸಿಗುತ್ತವೆ.

ಇನ್ನು ಜನ ಏನಂದರು. ಬ್ರಿಟನ್ ಕೈಹಿಡಿಯಿತು. ಆಲ್ಬಂ ಅಲ್ಲಿ 6ನೇ ಸ್ಥಾನ ಮುಟ್ಟಿತು, 'ಸೆಕ್ಸಿ ಬಾಯ್' ಸಿಂಗಲ್ 13ಕ್ಕೆ ಏರಿತು. ಆ ಹಾಡು ಹೆಚ್ಚುಪಾಲು ಫ್ರೆಂಚಿನಲ್ಲಿ, ಆಲ್ಬಮ್ಮಿನ ಹಲವು ಟ್ರ್ಯಾಕುಗಳಲ್ಲಿ ಹಾಡುವವರೇ ಇಲ್ಲ, ಹೆಸರೂ ಹೊಸದು. ಇಷ್ಟಿದ್ದೂ ಆ ಸ್ಥಾನ ಸಿಕ್ಕಿದ್ದು ಸಣ್ಣ ಮಾತಲ್ಲ. 90ರ ದಶಕದ ಶ್ರೇಷ್ಠ ಆಲ್ಬಮ್ಮುಗಳ ಪಟ್ಟಿಗಳಲ್ಲಿ ಇದು ಈಗಲೂ ಬರುತ್ತಲೇ ಇರುತ್ತದೆ. ಸೋಫಿಯಾ ಕಪೋಲಾ ತನ್ನ ಮೊದಲ ಚಿತ್ರ 'ದ ವರ್ಜಿನ್ ಸೂಯಿಸೈಡ್ಸ್'ಗೆ ಇವರಿಂದಲೇ ಸಂಗೀತ ಮಾಡಿಸಿದಳು. ಅದರ 'ಪ್ಲೇಗ್ರೌಂಡ್ ಲವ್' ಹಾಡಿದ್ದು, ಬೇರೆ ಹೆಸರಿನಲ್ಲಿ, ಫೀನಿಕ್ಸ್‌ನ ತೋಮಾ ಮಾರ್ಸ್.

ಹೊಗಳಿಕೆಯ ಜೊತೆಜೊತೆಗೇ ನೀವು ಹೇಳಿದ ಆಕ್ಷೇಪವೂ ಹುಟ್ಟಿತು. ಊಟಕ್ಕೆ ಅತಿಥಿಗಳು ಬಂದಾಗ ಹಾಕುವ ರೆಕಾರ್ಡು ಅಂದರು. ಝೀರೋ 7, ರಾಯ್ಕ್‌ಸಾಪ್ ಮುಂತಾದವರ ಒಳ್ಳೆಯ ಕೆಲಸಗಳೂ ಮುಂದಿನ ವರ್ಷಗಳಲ್ಲಿ ಬಂದವು, ಅದರ ಹಿಂದೆಯೇ 'ಚಿಲ್‌ಔಟ್' (ಹಾಯಾಗಿ ಒರಗಿ ಕೇಳುವ ಸಂಗೀತ) ಹಣೆಪಟ್ಟಿಯ ಸಂಕಲನಗಳ ಪ್ರವಾಹ. ಆ ಪ್ರವಾಹದಲ್ಲಿ 'ಮೂನ್ ಸಫಾರಿ'ಯ ಹೆಸರೂ ಸೇರಿಹೋಯಿತು. ಈ ಆಕ್ಷೇಪಕ್ಕೆ ಒಂದು ಬಲವಿದೆ ಅಂತ ಒಪ್ಪುತ್ತೇನೆ: ಆಲ್ಬಂ ಎಲ್ಲೂ ನಿಮ್ಮ ಕೊರಳಪಟ್ಟಿ ಹಿಡಿದು ಎಳೆಯುವುದಿಲ್ಲ. ಗಮನ ಕೊಡದವರಿಗೂ ಅದು ಅಡ್ಡಿ ಮಾಡುವುದಿಲ್ಲ. ಆದರೆ ಸೌಮ್ಯವಾಗಿರುವುದನ್ನು ಟೊಳ್ಳು ಅಂದುಕೊಳ್ಳುವುದು ಅನ್ಯಾಯ. ತಂಬೂರಿಯೂ ಹಿನ್ನೆಲೆಯಲ್ಲೇ ಇರುತ್ತದೆ. ಅದರ ಜೀವಾಳ ಸರಿಯಿಲ್ಲದಿದ್ದರೆ ಇಡೀ ಕಛೇರಿ ಕೆಡುತ್ತದೆ ಅಂತ ಹಾಡುವವರಿಗೆ ಗೊತ್ತು.

ಆ ಹಣೆಪಟ್ಟಿ ಏರ್‌ಗೂ ಹಿಡಿಸಲಿಲ್ಲ ಅನ್ನುವುದು ಅವರ ಮುಂದಿನ ನಡೆ ನೋಡಿದರೆ ತಿಳಿಯುತ್ತದೆ. 2001ರ '10,000 ಹರ್ಟ್ಜ್ ಲೆಜೆಂಡ್' ಹೆಚ್ಚು ಕತ್ತಲಿನ, ಮೂಳೆ ಚಾಚಿದ ಆಲ್ಬಂ. ಅಮೆರಿಕದ ಗಾಯಕ ಬೆಕ್ ಬಂದು ಹಾಡಿದ, ಒಂದು ಹಾಡಿನಲ್ಲಂತೂ ಪ್ರೇಮಿಯ ಮಾತನ್ನು ಕಂಪ್ಯೂಟರ್ ದನಿಯಲ್ಲಿ ಹೇಳಿಸಿದರು. ಇನ್ನೊಂದು 'ಮೂನ್ ಸಫಾರಿ'ಗೆ ಕಾದಿದ್ದವರಿಗೆ ನಿರಾಸೆಯಾಯಿತು, ವಿಮರ್ಶಕರು ಎರಡು ಭಾಗವಾದರು. ನನಗೆ ಅದು ಪೂರ್ತಿ ಹಿಡಿಸಿದ ಆಲ್ಬಂ ಅಲ್ಲ, ಆದರೆ ಅದನ್ನು ಮಾಡಿದ್ದಕ್ಕೆ ಅವರ ಮೇಲೆ ಗೌರವವಿದೆ. 2004ರಲ್ಲಿ ಸಂಗೀತ ನಿರ್ಮಾಪಕ ನೈಜಲ್ ಗಾಡ್ರಿಚ್ ಜೊತೆ ಮಾಡಿದ 'ಟಾಕಿ ವಾಕಿ'ಯಲ್ಲಿ ಎರಡೂ ಗುಣ ಹದವಾಗಿ ಕೂಡಿದವು.

2024ರಲ್ಲಿ ಇಬ್ಬರೂ ಒಬ್ಬ ಡ್ರಮ್ಮರ್ ಜೊತೆಗೆ, ಬಿಳಿ ಪೆಟ್ಟಿಗೆಯಂಥ ವೇದಿಕೆಯೊಳಗೆ ನಿಂತು 'ಮೂನ್ ಸಫಾರಿ'ಯನ್ನು ಮೊದಲಿಂದ ಕೊನೆವರೆಗೆ ನುಡಿಸುತ್ತ ಪ್ರವಾಸ ಮಾಡಿದರು. ಅದೇ ವರ್ಷ ಪ್ಯಾರಿಸ್ ಒಲಿಂಪಿಕ್ಸ್ ಸಮಾರೋಪದಲ್ಲಿ ಫೀನಿಕ್ಸ್ ಜೊತೆ ಕಾಣಿಸಿಕೊಂಡರು. ಪ್ರವಾಸದ ರೆಕಾರ್ಡಿಂಗ್‌ಗಳನ್ನು ಹುಡುಕಿ ನೋಡಿ. ಹೆಚ್ಚಿನದನ್ನು ಬೆರಳುಗಳೇ ನುಡಿಸುತ್ತಿರುವುದು ಕಣ್ಣಿಗೆ ಕಂಡಾಗ ಲಾಬಿಯ ಅನಿಸಿಕೆ ತಾನಾಗಿ ಸಡಿಲವಾಗುತ್ತದೆ.

ಕೊನೆಗೆ ಒಂದು ಕೆಲಸ ಹೇಳುತ್ತೇನೆ. ಫೋನಿನ ಸ್ಪೀಕರ್‌ನಲ್ಲಿ ಈ ಬೇಸ್ ಕೇಳುವುದೇ ಇಲ್ಲ, ಹಾಗಾಗಿ ಹೆಡ್‌ಫೋನ್ ಹಾಕಿಕೊಳ್ಳಿ. 'ಪ್ರಮಿಯೆ ಸಿಂಪ್ಟೋಮ್'ನಲ್ಲಿರುವ 'ಲೆ ಪ್ರೊಫೆಸಿಯೊನೆಲ್' ಎಂಬ ವಾದ್ಯಸಂಗೀತದ ತುಣುಕನ್ನು ಮೊದಲು ಕೇಳಿ, ಅದು ಮುಗಿದ ಕೂಡಲೇ 'ಆಲ್ ಐ ನೀಡ್' ಹಾಕಿ. ಎರಡೂ ಒಂದೇ ರಚನೆ. ಹರ್ಷ್‌ಳ ದನಿ ಬರುವ ಮೊದಲು ಅದು ಹೇಗಿತ್ತು, ಬಂದ ಮೇಲೆ ಏನಾಯಿತು ಅನ್ನುವುದು ಹತ್ತು ನಿಮಿಷದಲ್ಲಿ ನಿಮಗೇ ಗೊತ್ತಾಗುತ್ತದೆ. ಆಮೇಲೂ ಲಾಬಿ ಅನ್ನಿಸಿದರೆ ಇಲ್ಲೇ ಬರೆಯಿರಿ, 'ಟಾಕಿ ವಾಕಿ'ಯಿಂದ ಶುರು ಮಾಡೋಣ.