ಶನಿವಾರದ ರಾಜ, ಭಾನುವಾರದ ನೌಕರ

ಡೆಟ್ರಾಯಿಟ್ ಹತ್ತಿರ ನೆಲೆಸಿರುವ ಓದುಗರೊಬ್ಬರ ಪತ್ರ ಬಂದಿದೆ. ಸಾರಾಂಶ ಇಷ್ಟು: "ಹೋದ ಸಂಚಿಕೆಯ ಕ್ರೀಡಾ ಪುಟದಲ್ಲಿ, ಅಮೆರಿಕದ ಕಾಲೇಜು ಫುಟ್‌ಬಾಲ್ ಕೋಚ್ ಪ್ರೊ ಲೀಗಿಗೆ ಹೋದರೆ ಮುಳುಗಿದ ಅಂತಲೇ ಲೆಕ್ಕ ಎಂದು ಬರೆದಿದ್ದೀರಿ. ನನ್ನ ಮಗಳು ಮಿಷಿಗನ್ ಯೂನಿವರ್ಸಿಟಿಯಲ್ಲಿ ಓದಿದವಳು. ಅವರ ಕೋಚ್ ಜಿಮ್ ಹಾರ್ಬಾ ಕಾಲೇಜನ್ನು ಚಾಂಪಿಯನ್ ಮಾಡಿ, ಅದೇ ತಿಂಗಳು ಲಾಸ್ ಏಂಜಲೀಸ್ ಚಾರ್ಜರ್ಸ್ ತಂಡಕ್ಕೆ ಹೋದರು. ಅಲ್ಲೂ ಗೆದ್ದರು. ನಿಮ್ಮ ಮಾತು ಸುಳ್ಳಾಯ್ತಲ್ವಾ? ಅದಿರಲಿ, ಅಷ್ಟು ಮರ್ಯಾದೆ ಇದ್ದ ಜಾಗ ಬಿಟ್ಟು ಹೋಗಿದ್ದು ಯಾಕೆ? ಮಗಳಿಗೆ ಇನ್ನೂ ಸಿಟ್ಟಿದೆ."

ಮೇಡಂ, ತಪ್ಪು ನಮ್ಮದೇ. "ಮುಳುಗಿದ ಅಂತಲೇ ಲೆಕ್ಕ" ಅನ್ನೋದು ಜಾಸ್ತಿಯಾಯಿತು. ಕಾಲೇಜಿನಲ್ಲಿ ರಾಷ್ಟ್ರೀಯ ಚಾಂಪಿಯನ್ ಆಗಿ, ಪ್ರೊ ಲೀಗಾದ ಎನ್‌ಎಫ್‌ಎಲ್‌ನಲ್ಲಿ ಫೈನಲ್ ಪಂದ್ಯವಾದ ಸೂಪರ್ ಬೌಲನ್ನೂ ಗೆದ್ದ ಕೋಚ್‌ಗಳು ಮೂವರಿದ್ದಾರೆ: ಜಿಮ್ಮಿ ಜಾನ್ಸನ್, ಬ್ಯಾರಿ ಸ್ವಿಟ್ಜರ್, ಪೀಟ್ ಕ್ಯಾರಲ್. ಆದರೆ ಇಷ್ಟು ವರ್ಷಗಳಲ್ಲಿ ಮೂವರೇ ಅಂದರೆ ನಮ್ಮ ಅಂಕಣಕಾರರು ಗಾಳಿಯಲ್ಲಿ ಗುಂಡು ಹೊಡೆದಿರಲಿಲ್ಲ ಅಂತಲೂ ಆಯಿತು.

ಕಾಲೇಜು ಆಟ ಶನಿವಾರ, ಪ್ರೊ ಆಟ ಭಾನುವಾರ. ಮಧ್ಯೆ ಇರುವುದು ಒಂದು ರಾತ್ರಿ. ಚೆಂಡು ಅದೇ ಆಕಾರ, ಮೈದಾನ ಅದೇ ನೂರು ಗಜ. ಆದರೂ ಕೋಚ್‌ನ ಕೆಲಸ ಪೂರ್ತಿ ಬೇರೆ.

ಕಾಲೇಜು ಕೋಚ್‌ನ ನಿಜವಾದ ಆಟ ನಡೆಯುವುದು ಮೈದಾನದಲ್ಲಲ್ಲ, ಯಾವುದೋ ಊರಿನ ಹದಿನೇಳು ವರ್ಷದ ಹುಡುಗನ ಮನೆಯಲ್ಲಿ. ಸೋಫಾ ಮೇಲೆ ಕೂತು, ಅವನ ಅಮ್ಮ ಬಡಿಸಿದ್ದನ್ನು ಉಂಡು, ಅಜ್ಜಿಯ ಮಂಡಿನೋವು ವಿಚಾರಿಸಿ, "ನಿಮ್ಮ ಹುಡುಗನನ್ನು ನನ್ನ ಮಗನ ಹಾಗೆ ನೋಡ್ಕೋತೀನಿ" ಅಂತ ಒಪ್ಪಿಸಬೇಕು. ಅಮ್ಮ ಒಪ್ಪಿದರೆ ಅರ್ಧ ಪಂದ್ಯ ಗೆದ್ದ ಹಾಗೆ. ದೊಡ್ಡ ಕಾಲೇಜಾದರೆ ಇಂಥ ಎಂಬತ್ತೈದು ಹುಡುಗರಿಗೆ ಸ್ಕಾಲರ್‌ಷಿಪ್ ಕೊಟ್ಟು ಕಟ್ಟಿಹಾಕಬಹುದಿತ್ತು. ಗೆದ್ದಷ್ಟೂ ಹೆಸರು, ಹೆಸರಾದಷ್ಟೂ ಒಳ್ಳೆ ಹುಡುಗರು. ಉಳ್ಳವರ ಮನೆಗೇ ಲಕ್ಷ್ಮಿ ಬಂದ ಹಾಗೆ.

ಎನ್‌ಎಫ್‌ಎಲ್‌ನಲ್ಲಿ ಈ ಲೆಕ್ಕ ತಲೆಕೆಳಗು. ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಹೋದ ವರ್ಷ ತೀರಾ ಸೋತ ತಂಡಕ್ಕೆ ಮೊದಲ ಸರದಿ, ಚಾಂಪಿಯನ್‌ಗೆ ಕೊನೆಯದು. ತಂಡದಲ್ಲಿ ಐವತ್ತಮೂರು ಜನ. ಅವರ ಒಟ್ಟು ಸಂಬಳಕ್ಕೂ ಮಿತಿ ಇದೆ. 2024ರಲ್ಲಿ ಅದು 25 ಕೋಟಿ 54 ಲಕ್ಷ ಡಾಲರ್. ಒಬ್ಬನಿಗೆ ಹೆಚ್ಚು ಕೊಟ್ಟರೆ ಇನ್ನೊಬ್ಬನಿಗೆ ಕೈ ಬಿಗಿ ಹಿಡಿಯಬೇಕು. ಯಾರು ಬರಬೇಕು, ಯಾರು ಹೋಗಬೇಕು ಅಂತ ಹೇಳಲು ಬೇರೆ ಜನರಲ್ ಮ್ಯಾನೇಜರ್ ಇರುತ್ತಾನೆ. ಅವನ ಮೇಲೆ ಮಾಲೀಕ. ಕಾಲೇಜಿನಲ್ಲಿ ರಾಜನಾಗಿದ್ದವನು ಇಲ್ಲಿ ನೌಕರ.

ನಿಕ್ ಸೇಬನ್ ಕಥೆ ಕೇಳಿ. 2003ರ ಋತುವಿನಲ್ಲಿ ಲೂಸಿಯಾನಾ ಸ್ಟೇಟ್ ಕಾಲೇಜಿಗೆ ಚಾಂಪಿಯನ್ ಪಟ್ಟ ತಂದುಕೊಟ್ಟು, 2005ರಲ್ಲಿ ಮಯಾಮಿ ಡಾಲ್ಫಿನ್ಸ್ ಸೇರಿದರು. ಮರುವರ್ಷ ಅವರಿಗೆ ಚೆಂಡೆಸೆದು ಆಟ ನಡೆಸುವ ಒಬ್ಬ ಕ್ವಾರ್ಟರ್‌ಬ್ಯಾಕ್ ಬೇಕಿತ್ತು. ಡ್ರೂ ಬ್ರೀಸ್ ಬಿಡುಗಡೆಯಾಗಿ ಸಿಗುವಂತಿದ್ದ, ಆದರೆ ಚೆಂಡೆಸೆಯುವ ಭುಜಕ್ಕೆ ಆಪರೇಷನ್ ಆಗಿತ್ತು. ತಂಡದ ಡಾಕ್ಟರುಗಳಿಗೆ ಧೈರ್ಯ ಬರಲಿಲ್ಲ. ಬ್ರೀಸ್ ನ್ಯೂ ಆರ್ಲಿಯನ್ಸ್‌ಗೆ ಹೋದ, ಮುಂದೆ ಆ ಊರಿಗೆ ಸೂಪರ್ ಬೌಲ್ ಗೆದ್ದುಕೊಟ್ಟ. ಡಾಲ್ಫಿನ್ಸ್ ಮಂಡಿ ಪೆಟ್ಟಾಗಿದ್ದ ಡಾಂಟೆ ಕಲ್‌ಪೆಪರ್‌ನನ್ನು ತಂದುಕೊಂಡಿತು. ಅವನು ಆ ವರ್ಷ ಆಡಿದ್ದು ನಾಲ್ಕೇ ಪಂದ್ಯ. ಸೇಬನ್ ಎರಡು ವರ್ಷದಲ್ಲಿ 15 ಗೆದ್ದು 17 ಸೋತರು. 2006ರ ಡಿಸೆಂಬರ್‌ನಲ್ಲಿ "ನಾನು ಅಲಬಾಮಾ ಕೋಚ್ ಆಗಲ್ಲ" ಅಂತ ಪತ್ರಕರ್ತರ ಮುಂದೆ ಹೇಳಿದರು. ಎರಡು ವಾರ ಕಳೆಯುವುದರೊಳಗೆ ಅಲಬಾಮಾ ಕೋಚ್ ಆದರು! ಅಲ್ಲಿ ಆರು ಸಲ ಚಾಂಪಿಯನ್. ಅದೇ ಮನುಷ್ಯ, ಅದೇ ತಲೆ. ಕಾಲೇಜಿನಲ್ಲಾಗಿದ್ದರೆ ತನಗೆ ಬೇಕಾದ ಹುಡುಗನ ಮನೆಗೆ ತಾನೇ ಹೋಗಿ ಕೂರುತ್ತಿದ್ದರು.

ಹಾಗಾದ್ರೆ ಅಧಿಕಾರ ಪೂರ್ತಿ ಕೈಗೆ ಕೊಟ್ಟರೆ ಸರಿಹೋಗುತ್ತಾ? ಅದೂ ಇಲ್ಲ. ಒರೆಗಾನ್ ಕಾಲೇಜಿನಲ್ಲಿ 46 ಗೆದ್ದು 7 ಸೋತಿದ್ದ ಚಿಪ್ ಕೆಲ್ಲಿ 2013ರಲ್ಲಿ ಫಿಲಡೆಲ್ಫಿಯಾ ಈಗಲ್ಸ್‌ಗೆ ಬಂದರು. ಮೊದಲ ಎರಡು ವರ್ಷ ಹತ್ತತ್ತು ಗೆಲುವು. ಖುಷಿಯಾದ ಮಾಲೀಕ 2015ರಲ್ಲಿ ಆಟಗಾರರನ್ನು ಆರಿಸುವ ಅಧಿಕಾರವನ್ನೂ ಕೊಟ್ಟ. ಕೆಲ್ಲಿ ಒಳ್ಳೆ ಓಟಗಾರ ಲೆಶಾನ್ ಮೆಕಾಯ್‌ನನ್ನೇ ಬೇರೆ ತಂಡಕ್ಕೆ ಕಳಿಸಿದರು. ಆ ವರ್ಷ ಕೊನೆಯ ಪಂದ್ಯ ಬಾಕಿ ಇರುವಾಗಲೇ ಕೆಲಸ ಹೋಯಿತು.

ನನ್ನ ಲೆಕ್ಕದಲ್ಲಿ ಅಧಿಕಾರಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಹತ್ತೊಂಬತ್ತು ವರ್ಷದ ಹುಡುಗನಿಗೆ ಗದರಬಹುದು. ಅವನ ಓದು, ಊಟ, ಮುಂದಿನ ಬದುಕು ಎಲ್ಲ ಕೋಚ್ ಕೈಯಲ್ಲಿ. ಮೂವತ್ತೆರಡು ವರ್ಷದ, ಇಬ್ಬರು ಮಕ್ಕಳ ಅಪ್ಪನಿಗೆ, ಕೋಚ್‌ಗಿಂತ ಹೆಚ್ಚು ಸಂಬಳ ಎಣಿಸುವವನಿಗೆ ಗದರಿ ನೋಡಿ. "ನೀನು ಹೇಳಿದ್ದು ಸರಿ ಇದ್ರೆ ಮಾಡ್ತೀನಿ, ಇಲ್ಲದಿದ್ರೆ ಇಲ್ಲ" ಅನ್ನೋ ಮುಖ ಮಾಡುತ್ತಾನೆ. ಅವನಿಗೆ ಬೇಕಾಗಿರುವುದು ಭಾಷಣ ಅಲ್ಲ, ಮುಂದಿನ ಭಾನುವಾರ ಗೆಲ್ಲುವ ಉಪಾಯ.

ಅರ್ಬನ್ ಮೆಯರ್ ಎಡವಿದ್ದು ಇಲ್ಲೇ. ಫ್ಲೋರಿಡಾದಲ್ಲಿ ಎರಡು, ಒಹಾಯೊ ಸ್ಟೇಟ್‌ನಲ್ಲಿ ಒಂದು ಚಾಂಪಿಯನ್‌ಷಿಪ್ ಗೆದ್ದ ದೊಡ್ಡ ಹೆಸರು. (ಮಿಷಿಗನ್‌ನ ಹಳೇ ವೈರಿ ಒಹಾಯೊ ಹೆಸರೆತ್ತಿದ್ದಕ್ಕೆ ನಿಮ್ಮ ಮಗಳು ಕ್ಷಮಿಸಲಿ.) ಎನ್‌ಎಫ್‌ಎಲ್‌ನಲ್ಲಿ ಒಂದು ದಿನವೂ ಕೆಲಸ ಮಾಡಿರಲಿಲ್ಲ. 2021ರಲ್ಲಿ ಜ್ಯಾಕ್ಸನ್‌ವಿಲ್ ಜ್ಯಾಗ್ವಾರ್ಸ್‌ಗೆ ಬಂದರು. ಸಿನ್ಸಿನಾಟಿಯಲ್ಲಿ ಒಂದು ಪಂದ್ಯ ಸೋತ ರಾತ್ರಿ ತಂಡದ ಜೊತೆ ವಿಮಾನ ಹತ್ತದೆ ಒಹಾಯೊದಲ್ಲೇ ಉಳಿದರು. ಅವರು ಬಾರ್‌ನಲ್ಲಿದ್ದ ವಿಡಿಯೊ ದೇಶವೆಲ್ಲ ನೋಡಿತು. ಸೋತ ಹುಡುಗರು ವಿಮಾನದಲ್ಲಿ, ಕೋಚ್ ಬಾರಲ್ಲಿ. ಆಮೇಲೆ ಯಾರು ಮಾತು ಕೇಳ್ತಾರೆ? ಹದಿಮೂರು ಪಂದ್ಯದಲ್ಲಿ ಎರಡು ಗೆಲುವು, ಡಿಸೆಂಬರ್‌ನಲ್ಲಿ ಮನೆಗೆ. ಮರುವರ್ಷ ಅದೇ ಕ್ವಾರ್ಟರ್‌ಬ್ಯಾಕ್ ಟ್ರೆವರ್ ಲಾರೆನ್ಸ್ ಇಟ್ಟುಕೊಂಡು ಹೊಸ ಕೋಚ್ ಡಗ್ ಪೀಡರ್ಸನ್ ಒಂಬತ್ತು ಗೆದ್ದರು, ಪ್ಲೇಆಫ್‌ಗೂ ಹೋದರು.

ಮೆಯರ್‌ಗಿಂತ ಮೊದಲು, 2007ರಲ್ಲಿ, ಬಾಬಿ ಪೆಟ್ರೀನೊ ಅಟ್ಲಾಂಟಾ ತಂಡವನ್ನು ಹದಿಮೂರೇ ಪಂದ್ಯಕ್ಕೆ ಬಿಟ್ಟು ಕಾಲೇಜಿಗೆ ಓಡಿದರು. ಆಟಗಾರರು ಲಾಕರ್‌ಗೆ ಬಂದು ನೋಡಿದರೆ ನಾಲ್ಕು ಸಾಲಿನ ಒಂದೊಂದು ಚೀಟಿ. ಬಾಡಿಗೆ ಮನೆ ಖಾಲಿ ಮಾಡುವವರೂ ಓನರ್‌ಗೆ ಇದಕ್ಕಿಂತ ಜಾಸ್ತಿ ಹೇಳಿ ಹೋಗುತ್ತಾರೆ.

ಗೆದ್ದವರು ಹೇಗೆ ಗೆದ್ದರು? ಜಾನ್ಸನ್ ದಾರಿ ಬೇರೆ. ಅವರಿಗೂ ಎನ್‌ಎಫ್‌ಎಲ್ ಅನುಭವ ಇರಲಿಲ್ಲ. 1989ರಲ್ಲಿ ಮಯಾಮಿ ಕಾಲೇಜಿನಿಂದ ಡಲ್ಲಾಸ್ ಕೌಬಾಯ್ಸ್‌ಗೆ ಬಂದು ಮೊದಲ ವರ್ಷ ಒಂದು ಗೆದ್ದು ಹದಿನೈದು ಸೋತರು. ಅದರ ನಡುವೆಯೇ ತಂಡದ ಒಬ್ಬನೇ ದೊಡ್ಡ ಸ್ಟಾರ್ ಹರ್ಷೆಲ್ ವಾಕರ್‌ನನ್ನು ಮಿನೆಸೋಟಾಗೆ ಕೊಟ್ಟು, ಬದಲಿಗೆ ರಾಶಿ ಡ್ರಾಫ್ಟ್ ಸರದಿಗಳನ್ನು ತಗೊಂಡರು. ಊರೆಲ್ಲ ಬೈಯಿತು. ಆದರೆ ದೇಶದ ಕಾಲೇಜು ಹುಡುಗರ ಜಾತಕವೆಲ್ಲ ಈ ಮನುಷ್ಯನಿಗೆ ಬಾಯಿಪಾಠ. ಎಷ್ಟೋ ಹುಡುಗರ ಮನೆಯಲ್ಲಿ ಉಂಡು ಬಂದಿದ್ದರಲ್ಲ! ನಾಲ್ಕನೇ ಮತ್ತು ಐದನೇ ವರ್ಷ ಸೂಪರ್ ಬೌಲ್ ಗೆದ್ದರು.

ಕ್ಯಾರಲ್ ಮತ್ತು ನಿಮ್ಮ ಹಾರ್ಬಾ ಮಾತ್ರ ಹೊಸ ಊರಿಗೆ ಹೋದವರಲ್ಲ, ಹಳೇ ಊರಿಗೆ ವಾಪಸ್ ಹೋದವರು. ಕ್ಯಾರಲ್ ಕಾಲೇಜಿಗೆ ಬರುವ ಮೊದಲೇ ಎರಡು ಎನ್‌ಎಫ್‌ಎಲ್ ತಂಡಗಳಲ್ಲಿ ಹೆಡ್ ಕೋಚ್ ಆಗಿ ಏಟು ತಿಂದಿದ್ದರು. ಹಾರ್ಬಾ 1987ರಿಂದ ಹದಿನಾಲ್ಕು ಋತು ಅಲ್ಲೇ ಕ್ವಾರ್ಟರ್‌ಬ್ಯಾಕ್ ಆಗಿ ಆಡಿದವರು. ಲಾಕರ್ ರೂಮಿನ ವಾಸನೆ ಗೊತ್ತು. ಸ್ಟ್ಯಾನ್‌ಫರ್ಡ್‌ನಿಂದ 2011ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಹೋದಾಗ ಹಿಂದಿನ ವರ್ಷ ಆರು ಗೆದ್ದಿದ್ದ ತಂಡ ಹದಿಮೂರು ಗೆದ್ದಿತು. ಚಾರ್ಜರ್ಸ್ ಐದರಿಂದ ಹನ್ನೊಂದಕ್ಕೆ ಏರಿತು.

ಯಾಕೆ ಬಿಟ್ಟರು ಅಂತ ಕೇಳಿದಿರಿ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿದ್ದಾಗ, 2013ರ ಫೆಬ್ರುವರಿಯಲ್ಲಿ, ಹಾರ್ಬಾ ಸೂಪರ್ ಬೌಲ್ ಸೋತರು, 34-31. ಮೂರೇ ಪಾಯಿಂಟ್, ಅದೂ ಎದುರು ತಂಡದ ಕೋಚ್ ಸ್ವಂತ ಅಣ್ಣ ಜಾನ್! ಹಬ್ಬದ ಊಟಕ್ಕೆ ಒಂದೇ ಮೇಜಿಗೆ ಕೂರಬೇಕಾದವರು. ಆ ಬಾಕಿ ತೀರಿಸಲು ಕಾಲೇಜಿನಲ್ಲಿ ದಾರಿ ಇಲ್ಲ. ಜೊತೆಗೆ ಕಾಲೇಜು ಕ್ರೀಡಾ ಸಂಸ್ಥೆಯ ತನಿಖೆಗಳು ತಲೆ ಮೇಲಿದ್ದವು. 2023ರಲ್ಲಿ ಆರು ಪಂದ್ಯ ಅಮಾನತಾಗಿ ಹೊರಗೆ ಕೂತಿದ್ದರು. ಈಗ ಕಾಲೇಜು ಹುಡುಗರೂ ದುಡ್ಡು ತಗೋತಾರೆ, ಇಷ್ಟವಿಲ್ಲದಿದ್ದರೆ ಮರುವರ್ಷ ಬೇರೆ ಕಾಲೇಜಿಗೆ ಹೋಗ್ತಾರೆ. ಅಲ್ಲೂ ರಾಜರಾಗಿರೋದು ಮೊದಲಿನಷ್ಟು ಸುಲಭವಿಲ್ಲ. ಮಗಳ ಸಿಟ್ಟು ನ್ಯಾಯವೇ, ಆದರೆ ನಾನಾಗಿದ್ದರೂ ಹೋಗ್ತಿದ್ದೆ.

ಪತ್ರದ ಕೊನೆಗೆ ನಿಮ್ಮ ಯಜಮಾನರದ್ದೂ ಒಂದು ಪ್ರಶ್ನೆ ಇದೆ. ಚಾರ್ಜರ್ಸ್ ಪಂದ್ಯದಲ್ಲಿ ಒಬ್ಬ ಗೆರೆಯ ಪಕ್ಕ ಚೆಂಡು ಹಿಡಿದ, ಒಂದು ಪಾದ ಒಳಗೇ ಇತ್ತು, ಆದರೂ ಅಂಪೈರ್ ಇಲ್ಲ ಅಂದ, ಇದು ಮೋಸ ಅಲ್ವಾ ಅಂತ ಟಿವಿ ಮುಂದೆ ಕೂಗಾಡಿದರಂತೆ. ಕಾಲೇಜು ನಿಯಮದಲ್ಲಿ ಒಂದು ಪಾದ ಒಳಗಿದ್ದರೆ ಸಾಕು. ಎನ್‌ಎಫ್‌ಎಲ್‌ನಲ್ಲಿ ಎರಡೂ ಊರಿರಬೇಕು. ಅವರು ಕೂಗಿದ್ದರಲ್ಲಿ ತಪ್ಪಿಲ್ಲ, ಒಂದು ದಿನ ತಡವಾಗಿ ಕೂಗಿದರು ಅಷ್ಟೇ.

— ಸಂಪಾದಕ