ಅತ್ತೆಗೆ ಧಾರಾವಾಹಿ, ಮಗನಿಗೆ ವೆಬ್ ಸೀರೀಸ್: ನಿಮ್ಮ ಪ್ರಶ್ನೆಗಳಿಗೆ ಉತ್ತರ

ನಿಮ್ಮ ಮನೆಯಲ್ಲಿ ಯಾರು ಏನು ನೋಡುತ್ತೀರಿ, ಬರೆದು ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆ. ತುಂಬಾ ಪತ್ರ ಬಂದಿವೆ. ಎಲ್ಲವನ್ನೂ ಓದಿದೆ. ಹೆಚ್ಚು ಜನ ಕೇಳಿದ್ದನ್ನು ಇಲ್ಲಿ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಅತ್ತೆ ಸಂಜೆ ಆರೂವರೆಗೆ ಟಿವಿ ಮುಂದೆ ಕೂತರೆ ರಾತ್ರಿ ಹತ್ತರವರೆಗೂ ಏಳುವುದಿಲ್ಲ. ಐದಾರು ಧಾರಾವಾಹಿ ನೋಡುತ್ತಾರೆ. ನನಗಂತೂ ಎಲ್ಲವೂ ಒಂದೇ ಥರ ಕಾಣುತ್ತವೆ. ದೊಡ್ಡ ಮನೆ, ಒಳ್ಳೆ ಸೊಸೆ, ಅವಳ ಮೇಲೆ ಕಣ್ಣಿಟ್ಟ ಇನ್ನೊಬ್ಬಳು. ಇವರಿಗೆ ಬೇರೆ ಕಥೆಯೇ ಸಿಗುವುದಿಲ್ಲವಾ? – ಗೃಹಿಣಿ, ದಾವಣಗೆರೆ

ಉತ್ತರ: ಕಥೆ ಸಿಗುತ್ತದೆ. ಆದರೆ ಅದನ್ನು ಎಷ್ಟು ದಿನ ಓಡಿಸಬೇಕು ಅನ್ನುವುದರಲ್ಲಿ ತೊಂದರೆ ಇರುವುದು. ಲೆಕ್ಕ ಹಾಕಿ ನೋಡಿ. ಅರ್ಧ ಗಂಟೆಯ ಸ್ಲಾಟ್‌ನಲ್ಲಿ ಜಾಹೀರಾತು ಕಳೆದರೆ ಕಥೆಗೆ ಉಳಿಯುವುದು 20-22 ನಿಮಿಷ. ವಾರಕ್ಕೆ ಐದೇ ದಿನ ಅಂದುಕೊಂಡರೂ ವರ್ಷಕ್ಕೆ 260 ಸಂಚಿಕೆ, ಅಂದರೆ ಹತ್ತಿರ ಹತ್ತಿರ 90 ಗಂಟೆ. ಗೆದ್ದ ಧಾರಾವಾಹಿ ಮೂರ್ನಾಲ್ಕು ವರ್ಷ ಓಡುತ್ತದೆ. ಒಂದು ಕೊಲೆಯನ್ನು ಯಾರು ಮಾಡಿದರು ಅಂತ 90 ಗಂಟೆ ಹುಡುಕಲು ಆಗುತ್ತದಾ? ಕೊಲೆಗಾರ ಸಿಕ್ಕ ದಿನ ಕಥೆ ಮುಗಿಯಿತು. ಮುಗಿಯದ ಕಥೆ ಬೇಕು ಅಂದರೆ ಮುಗಿಯದ ಜಾಗ ಬೇಕು, ಅದು ಮನೆ. ಮನೆಯೊಳಗೆ ಒಂದು ಜಗಳ ತಣ್ಣಗಾಗುವಷ್ಟರಲ್ಲಿ ಇನ್ನೊಂದು ಶುರುವಾಗುತ್ತದೆ, ಯಾರಿಗೋ ಮದುವೆ, ಯಾರಿಗೋ ಮಗು, ಯಾರೋ ಊರಿಂದ ಬಂದರು.

ಜೊತೆಗೆ ಖರ್ಚಿನ ಮಾತು ಇದೆ. ಒಂದೇ ಶೂಟಿಂಗ್ ಮನೆ ಬಾಡಿಗೆಗೆ ಹಿಡಿದರೆ ದಿನಕ್ಕೊಂದು ಸಂಚಿಕೆಯ ಲೆಕ್ಕದಲ್ಲಿ ಕೆಲಸ ಮುಗಿಸಬಹುದು. ಬೀದಿ, ಬಸ್ ಸ್ಟ್ಯಾಂಡು, ಹೊಲ ಅಂತ ಹೊರಗೆ ಹೋದರೆ ಅಷ್ಟು ಬೇಗ ಆಗುವುದಿಲ್ಲ. ಗುರುವಾರ ಟಿಆರ್‌ಪಿ, ಅಂದರೆ ಎಷ್ಟು ಜನ ನೋಡಿದರು ಅನ್ನುವ ಅಂಕಿ, ಬರುತ್ತದೆ. ಅಂಕಿ ಕುಸಿದಿದ್ದರೆ ಕಥೆಯ ಟ್ರ್ಯಾಕ್ ಬದಲಾಗುತ್ತದೆ. ಕೆಲವೊಮ್ಮೆ ಒಂದು ಗಂಟೆಯ ಮಹಾಸಂಚಿಕೆ ಬರುತ್ತದೆ, ಕೆಲವೊಮ್ಮೆ ಎರಡು ಧಾರಾವಾಹಿಯವರು ಒಂದೇ ಮನೆಯಲ್ಲಿ ಸೇರುವ ಮಹಾಸಂಗಮ. ಬರೆಯುವವರ ಕೈಯಲ್ಲಿ ಪ್ರತಿಭೆ ಇಲ್ಲ ಅಂತ ನಾನು ಒಪ್ಪುವುದಿಲ್ಲ. ಅವರಿಗೆ ಕೊನೆ ಬರೆಯುವ ಅವಕಾಶ ಇಲ್ಲ, ಅಷ್ಟೇ.

ಅತ್ತೆಯವರ ಪರವಾಗಿಯೂ ಒಂದು ಮಾತು ಹೇಳಬೇಕು. ದಿನದ ಧಾರಾವಾಹಿಯನ್ನು ನೋಡುವುದಕ್ಕಿಂತ ಕೇಳುವುದೇ ಜಾಸ್ತಿ. ಅವರೆಕಾಳು ಬಿಡಿಸುತ್ತಾ, ಒಗ್ಗರಣೆಗೆ ಎದ್ದು ಹೋಗಿ ಬಂದರೂ ಕಥೆ ತಪ್ಪುವುದಿಲ್ಲ. ಪಾತ್ರಗಳು ಒಂದೇ ವಿಷಯವನ್ನು ಎರಡು ಮೂರು ಸಲ ಹೇಳುವುದು ಅದಕ್ಕೇ. ದಿನವಿಡೀ ದುಡಿದವರಿಗೆ ಅದು ಜೊತೆ ಇದ್ದಂತೆ. ಒಂದು ಸಂಜೆ ನೀವೂ ಪಕ್ಕದಲ್ಲಿ ಕೂತು, ಈ ಹುಡುಗಿ ಯಾರು ಅಂತ ಕೇಳಿ. ಅವರು ಪೂರ್ತಿ ವಂಶವೃಕ್ಷ ಹೇಳುತ್ತಾರೆ.

ಪ್ರಶ್ನೆ: ನಮ್ಮ ಕಾಲದಲ್ಲಿ ‘ಮಾಲ್ಗುಡಿ ಡೇಸ್’ ಬಂತು, ‘ಮಾಯಾಮೃಗ’ ಬಂತು. ಈಗ ಅಂಥದ್ದು ಒಂದೂ ಇಲ್ಲ. ಇದು ವಯಸ್ಸಾದವರ ಹಳೆಯ ನೆನಪಿನ ಮೋಹ ಅಂತ ಮೊಮ್ಮಗ ಹೇಳುತ್ತಾನೆ. ಹೌದಾ? – ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ಮೇಷ್ಟ್ರೇ, ನಿಮ್ಮದು ಬರೀ ಮೋಹ ಅಲ್ಲ. 1986ರಲ್ಲಿ ದೂರದರ್ಶನದಲ್ಲಿ ಶುರುವಾದ ‘ಮಾಲ್ಗುಡಿ ಡೇಸ್’ ಮೊನ್ನೆ ಮತ್ತೆ ನೋಡಿದೆ. ಆರ್.ಕೆ. ನಾರಾಯಣ್ ಕಥೆಗಳು, ಅವರ ತಮ್ಮ ಆರ್.ಕೆ. ಲಕ್ಷ್ಮಣ್ ಅವರ ಚಿತ್ರಗಳು, ಎಲ್. ವೈದ್ಯನಾಥನ್ ಸಂಗೀತ, ಶಂಕರ್ ನಾಗ್ ನಿರ್ದೇಶನ. ಆಗುಂಬೆಯ ಬೀದಿಯೇ ಮಾಲ್ಗುಡಿ ಆಯಿತು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ಅಪ್ಪನಾಗಿ ಗಿರೀಶ್ ಕಾರ್ನಾಡ್. ಹಿಂದಿ, ಇಂಗ್ಲಿಷಿನಲ್ಲಿ ತೆಗೆದದ್ದಾದರೂ ಅದರ ಮಳೆ, ಅದರ ಜಗಲಿ, ಅದರ ಮುಖಗಳು ಪೂರ್ತಿ ನಮ್ಮವು. ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡವನ್ನು ಈಗ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ, ಆ ಕಡೆ ಹೋದಾಗ ಇಳಿದು ನೋಡಿ.

ನನಗೆ ಈ ಸಲ ಹೊಳೆದದ್ದು ಅದರ ಅಳತೆ. ಹೆಚ್ಚಿನ ಕಥೆಗಳು ಒಂದೇ ಕಂತಿಗೆ ಮುಗಿಯುತ್ತವೆ. ಸ್ವಾಮಿಯ ಕಥೆಯಂಥವಕ್ಕೆ ಜಾಸ್ತಿ ಜಾಗ ಬೇಕಿತ್ತು, ಅವಕ್ಕೆ ಕೆಲವು ಕಂತು ಕೊಟ್ಟರು. ಕಥೆ ಕೇಳಿದಷ್ಟು ಕೊಟ್ಟು ಸುಮ್ಮನಾದರು. ಹಾಗಾಗಿ ಒಂದು ವಾರ ನಗು, ಇನ್ನೊಂದು ವಾರ ಕಣ್ಣೀರು, ಮತ್ತೊಂದು ವಾರ ಸ್ವಲ್ಪ ಭಯ ಕೂಡ ಬರಬಹುದಿತ್ತು.

ಟಿ.ಎನ್. ಸೀತಾರಾಮ್ ಅವರದು ಬೇರೆ ದಾರಿ. ‘ಮಾಯಾಮೃಗ’, ‘ಮನ್ವಂತರ’, ‘ಮುಕ್ತ’ ದಿನದ ಧಾರಾವಾಹಿಗಳೇ. ಆದರೆ ಅವರು ಮನೆಯ ಬಾಗಿಲು ತೆಗೆದು ಕೋರ್ಟು, ರಾಜಕೀಯ, ಕೆಲಸದ ಜಾಗ ಎಲ್ಲವನ್ನೂ ಒಳಗೆ ಕರೆದರು. ಮನೆಯಲ್ಲಿ ಅಡುಗೆ ನಿಲ್ಲಿಸಿ ಕೋರ್ಟಿನ ವಾದ ಕೇಳಿದ ಹೆಂಗಸರು ಎಷ್ಟೋ ಜನ. ಗಿರೀಶ್ ಕಾಸರವಳ್ಳಿ ಅವರು ಭೈರಪ್ಪನವರ ‘ಗೃಹಭಂಗ’ವನ್ನು ಈಟಿವಿ ಕನ್ನಡಕ್ಕೆ ಧಾರಾವಾಹಿ ಮಾಡಿದಾಗ ಮಾಳವಿಕಾ ನಂಜಮ್ಮನಾದರು. ಪ್ಲೇಗು, ಬಡತನ, ಆ ಹೆಂಗಸಿನ ಗಟ್ಟಿತನ. ಅದೂ ಮನೆಯ ಕಥೆಯೇ, ಅಲ್ಲೂ ಅತ್ತೆ ಸೊಸೆ ಇದ್ದಾರೆ. ಆದರೆ ಕಾದಂಬರಿಗೆ ಒಂದು ಕೊನೆ ಇತ್ತು, ಧಾರಾವಾಹಿ ಅದರ ಕಡೆಗೇ ನಡೆಯಿತು. ಅದೇ ಚಾನೆಲ್‌ನಲ್ಲಿ ವೈಶಾಲಿ ಕಾಸರವಳ್ಳಿ ಅವರ ‘ಮೂಡಲ ಮನೆ’ ಉತ್ತರ ಕರ್ನಾಟಕದ ಮಾತನ್ನು ಎಲ್ಲರ ಮನೆಗೆ ತಂದಿತು. ‘ಸಿಲ್ಲಿ ಲಲ್ಲಿ’, ‘ಪಾಪ ಪಾಂಡು’ ಬರೀ ನಗಿಸಿದವು, ಅದಕ್ಕಿಂತ ದೊಡ್ಡ ಕೆಲಸ ಏನಿದೆ?

ಮೊಮ್ಮಗನಿಗೆ ಒಂದು ವಿಷಯದಲ್ಲಿ ಮಾತ್ರ ಒಪ್ಪಿಕೊಳ್ಳಿ. ಆಗಲೂ ಸುಮಾರಾದ ಧಾರಾವಾಹಿ ಬೇಕಾದಷ್ಟಿದ್ದವು. ನಾವು ಅವನ್ನು ಮರೆತಿದ್ದೇವೆ.

ಪ್ರಶ್ನೆ: ನಾನು ಮಲಯಾಳಂ, ತಮಿಳು, ಹಿಂದಿ ಸೀರೀಸ್ ನೋಡುತ್ತೇನೆ. ಕನ್ನಡದಲ್ಲಿ ಯಾಕೆ ಇಲ್ಲ? ಬೇಜಾರಾಗುತ್ತದೆ. – ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ನನಗೂ ಬೇಜಾರಿದೆ ತಮ್ಮಾ, ಅದನ್ನು ಮುಚ್ಚಿಡುವುದಿಲ್ಲ. ಆದರೆ ‘ಇಲ್ಲ’ ಅನ್ನಬೇಡ, ‘ಕಡಿಮೆ’ ಅನ್ನು.

‘ಏಕಂ’ ನೋಡಿದ್ದೀಯಾ? ಕರಾವಳಿಯ ಏಳು ಕಥೆಗಳು, ಒಂದಕ್ಕೊಂದು ಅಂಟಿಕೊಂಡಿಲ್ಲ, ಪ್ರತಿಯೊಂದರ ರುಚಿ ಬೇರೆ. ಪ್ರಕಾಶ್ ರಾಜ್, ರಾಜ್ ಬಿ. ಶೆಟ್ಟಿ ಇದ್ದಾರೆ. ರಕ್ಷಿತ್ ಶೆಟ್ಟಿ ಅವರ ನಿರ್ಮಾಣ ಸಂಸ್ಥೆ ಪರಂವಃ ಬೆನ್ನಿಗಿತ್ತು. ಇಷ್ಟಿದ್ದರೂ ದೊಡ್ಡ ಓಟಿಟಿಗಳು ತೆಗೆದುಕೊಳ್ಳಲಿಲ್ಲ. ಮಾಡಿ ಮುಗಿಸಿ ವರ್ಷಗಳ ಮೇಲೆ, 2024ರ ಜುಲೈನಲ್ಲಿ, ತಮ್ಮದೇ ವೆಬ್‌ಸೈಟ್ ಮಾಡಿ ಅದರಲ್ಲಿ ಬಿಟ್ಟರು. ಇದು ನನಗೆ ನಿಜಕ್ಕೂ ನೋವು ಕೊಟ್ಟ ವಿಷಯ. ಕನ್ನಡದವರು ಬೇರೆ ಭಾಷೆಯದನ್ನು ಹೇಗೂ ನೋಡುತ್ತಾರೆ, ಮತ್ತೆ ಇವರಿಗೆಂದೇ ಯಾಕೆ ದುಡ್ಡು ಹಾಕಬೇಕು ಅನ್ನುವ ಲೆಕ್ಕ ಇದರ ಹಿಂದೆ ಇದೆ ಅಂತ ನನ್ನ ಅನಿಸಿಕೆ. ನಾವು ನಾಲ್ಕು ಭಾಷೆ ಅರ್ಥ ಮಾಡಿಕೊಳ್ಳುವುದು ನಮ್ಮ ಹೆಮ್ಮೆ, ಅದೇ ಇಲ್ಲಿ ನಮಗೆ ತಿರುಗಿ ಹೊಡೆಯುತ್ತಿದೆ.

2025ರ ಏಪ್ರಿಲ್‌ನಲ್ಲಿ ಜೀ5ನಲ್ಲಿ ‘ಅಯ್ಯನ ಮನೆ’ ಬಂತು. ರಮೇಶ್ ಇಂದಿರಾ ನಿರ್ದೇಶನ, ಖುಷಿ ರವಿ ಮುಖ್ಯ ಪಾತ್ರ. ಮಲೆನಾಡಿನ ಹಳೆಯ ಮನೆ, ಮದುವೆಯಾಗಿ ಒಳಗೆ ಕಾಲಿಟ್ಟ ಸೊಸೆ, ಆ ಮನೆಯ ಸೊಸೆಯಂದಿರು ಸಾಯುತ್ತಾರೆ ಅನ್ನುವ ಭಯ. ಗಮನಿಸು, ಸಾಮಾನು ಎಲ್ಲ ದಿನದ ಧಾರಾವಾಹಿಯದೇ. ದಾವಣಗೆರೆಯವರು ಬೇಸರಪಟ್ಟುಕೊಂಡ ಅದೇ ದೊಡ್ಡ ಮನೆ, ಅದೇ ಸೊಸೆ. ಆದರೆ ಕೆಲವೇ ಚಿಕ್ಕ ಕಂತುಗಳಲ್ಲಿ ಮುಗಿಯಬೇಕು ಅಂದ ಕೂಡಲೇ ಅದು ಪತ್ತೇದಾರಿ ಕಥೆಯಾಯಿತು. ಬಾಗಿಲು ಕಿರ್ ಅಂದರೂ ಅದಕ್ಕೊಂದು ಅರ್ಥ ಬಂತು. ಅಳತೆ ಬದಲಾದರೆ ಕಥೆಯ ಜಾತಿಯೇ ಬದಲಾಗುತ್ತದೆ ಅಂತ ನಾನು ಹೇಳುವುದು ಇದಕ್ಕೇ.

ಮಲಯಾಳಂನವರು ಇದನ್ನು ಚೆನ್ನಾಗಿ ಹಿಡಿದಿದ್ದಾರೆ. 2023ರ ‘ಕೇರಳ ಕ್ರೈಮ್ ಫೈಲ್ಸ್’ ಮೊದಲ ಸೀಸನ್ ನೋಡು. ಎರ್ನಾಕುಲಂನ ಒಂದು ಲಾಡ್ಜು, ಒಬ್ಬ ಹೆಂಗಸಿನ ಕೊಲೆ, ಪೊಲೀಸರ ಕೈಯಲ್ಲಿ ಇರುವುದು ರಿಜಿಸ್ಟರ್‌ನಲ್ಲಿ ಬರೆದ ಒಂದು ಸುಳ್ಳು ವಿಳಾಸ. ಆರು ಕಂತು. ಹಾರಾಟ, ಗುಂಡು, ದೊಡ್ಡ ಮಾತು ಯಾವುದೂ ಇಲ್ಲ. ಪೊಲೀಸರು ನಡೆದು ನಡೆದು ಹುಡುಕುತ್ತಾರೆ. ತಮಿಳಿನ ‘ಸುಳಲ್’ ಊರಿನ ಮಯಾನ ಕೊಳ್ಳೈ ಜಾತ್ರೆಯನ್ನೇ ಕಥೆಯ ಬೆನ್ನೆಲುಬು ಮಾಡಿಕೊಂಡಿತು. ನಮ್ಮಲ್ಲಿ ಜಾತ್ರೆಗೆ ಕೊರತೆಯಾ? ಬನಶಂಕರಿ ಜಾತ್ರೆ, ಶಿರಸಿಯ ಮಾರಿ ಜಾತ್ರೆ, ಕೊಟ್ಟೂರಿನ ತೇರು. ನೀನು ಎಂಜಿನಿಯರಿಂಗ್ ಓದುತ್ತಿದ್ದೀಯ, ಬರೆಯುವ ಆಸೆ ಇದ್ದರೆ ನಿನ್ನೂರಿನ ಕಥೆಯನ್ನು ಆರು ಕಂತಿಗೆ ಕೂಡಿಸಿ ಬರೆದು ನೋಡು, ನಾನು ಓದುತ್ತೇನೆ.

ಪ್ರಶ್ನೆ: ಪಿಯುಸಿ ಓದುವ ಮಗಳು ಸದಾ ಕೊರಿಯನ್ ಸೀರೀಸ್ ನೋಡುತ್ತಾಳೆ. ಅದರಲ್ಲಿ ಅಂಥದ್ದೇನಿದೆ? – ತಾಯಿ, ಉಡುಪಿ

ಉತ್ತರ: ಒಂದು ಸಂಜೆ ಅವಳ ಜೊತೆ ‘ರಿಪ್ಲೈ 1988’ ನೋಡಿ. ಸೋಲ್ ನಗರದ ಒಂದು ಓಣಿ, ಐದು ಕುಟುಂಬ. ಊಟದ ಹೊತ್ತಿಗೆ ಒಂದು ಮನೆಯ ಪಲ್ಯ ಇನ್ನೊಂದು ಮನೆಗೆ ಹೋಗುತ್ತದೆ, ಆ ಮನೆಯ ಬಟ್ಟಲು ಖಾಲಿ ವಾಪಸ್ ಬರುವುದಿಲ್ಲ. ನಮ್ಮ ಕೇರಿಯಲ್ಲಿ ನಡೆಯುತ್ತಿದ್ದದ್ದೇ ಅಲ್ವಾ? 20 ಕಂತಿಗೆ ಮುಗಿಯುತ್ತದೆ. ಕೊರಿಯಾದವರ ಪ್ರೇಮಕಥೆಗಳೂ ಸಾಮಾನ್ಯವಾಗಿ 16 ಕಂತಿನ ಆಸುಪಾಸಿಗೆ ಮುಗಿಯುತ್ತವೆ, ಹುಡುಗಿಯರಿಗೆ ಹಿಡಿಸುವುದು ಅದೂ ಇರಬಹುದು. ಅದೇ ದೇಶದ ‘ಸ್ಕ್ವಿಡ್ ಗೇಮ್’ ಮಾತ್ರ ಬೇರೆ ಮಾತು. ಅದರಲ್ಲಿ ರಕ್ತ ಜಾಸ್ತಿ, ಅದು ದೊಡ್ಡವರಿಗೆ ಮಾಡಿದ್ದು. ‘ಕೊರಿಯನ್’ ಅನ್ನುವುದು ಭಾಷೆಯ ಹೆಸರು, ಕಥೆಯ ಜಾತಿಯ ಹೆಸರಲ್ಲ. ಮಗಳು ಯಾವುದನ್ನು ನೋಡುತ್ತಿದ್ದಾಳೆ ಅಂತ ಕೇಳಿ.

ಪ್ರಶ್ನೆ: ಹದಿಮೂರು ವರ್ಷದ ಮಗ ನಮ್ಮದೇ ಖಾತೆಯಲ್ಲಿ ಕ್ರೈಮ್ ಸೀರೀಸ್ ನೋಡುವುದು ಗೊತ್ತಾಯಿತು. ಬೈದೆ. ಬೈದದ್ದು ಸರಿಯಾ? – ಹೆಸರು ಬೇಡ, ಶಿವಮೊಗ್ಗ

ಉತ್ತರ: ಬೈದದ್ದಾಯಿತು, ಈಗ ಬೀಗ ಹಾಕಿ. 2021ರ ನಿಯಮದ ಪ್ರಕಾರ ಓಟಿಟಿಯವರು ಪ್ರತಿ ಕಾರ್ಯಕ್ರಮಕ್ಕೂ ವಯಸ್ಸಿನ ಗುರುತು ಹಾಕಬೇಕು: ಯು, ಯು/ಎ 7+, ಯು/ಎ 13+, ಯು/ಎ 16+, ಎ. 13+ ಮತ್ತು ಅದರ ಮೇಲಿನದಕ್ಕೆ ಪೋಷಕರು ಬೀಗ ಹಾಕುವ ವ್ಯವಸ್ಥೆ ಇರಲೇಬೇಕು. ಸೆಟ್ಟಿಂಗ್ಸ್‌ಗೆ ಹೋಗಿ, ಮಗನಿಗೆ ಬೇರೆ ಪ್ರೊಫೈಲ್ ಮಾಡಿ, ನಿಮ್ಮದಕ್ಕೆ ಪಿನ್ ಇಡಿ. ಹತ್ತು ನಿಮಿಷದ ಕೆಲಸ.

ಆದರೆ ಬೀಗದಿಂದ ಎಲ್ಲವೂ ಆಗುವುದಿಲ್ಲ. ಹುಡುಗನಿಗೆ ಇಷ್ಟ ಆಗಿರುವುದು ರಕ್ತವಾ, ಇಲ್ಲ ಒಗಟು ಬಿಡಿಸುವುದಾ? ಬಹಳ ಸಲ ಒಗಟೇ. ಹಾಗಿದ್ದರೆ 1993ರಲ್ಲಿ ದೂರದರ್ಶನದಲ್ಲಿ ಬಂದ ‘ಬ್ಯೋಮಕೇಶ್ ಬಕ್ಷಿ’ ತೋರಿಸಿ. ಬಾಸು ಚಟರ್ಜಿ ನಿರ್ದೇಶನ, ರಜಿತ್ ಕಪೂರ್ ಪತ್ತೇದಾರ. ಧೋತಿ ಉಟ್ಟ ಮನುಷ್ಯ ಕೂತಲ್ಲೇ ಯೋಚಿಸಿ ಕಳ್ಳನನ್ನು ಹಿಡಿಯುತ್ತಾನೆ. ಹಿಂದಿ ಸುಲಭವಾಗಿದೆ. ಹತ್ತಿರ ಕೂತು ನೋಡಿ, ಮಧ್ಯೆ ನಿಲ್ಲಿಸಿ ‘ಯಾರಿರಬಹುದು ಹೇಳು’ ಅಂತ ಕೇಳಿ. ನನ್ನ ತಂಗಿಯ ಮಗನ ಜೊತೆ ಹೀಗೆ ಮಾಡಿದ್ದೇನೆ, ಅವನು ನನಗಿಂತ ಮೊದಲು ಹೇಳುತ್ತಾನೆ.

ಪ್ರಶ್ನೆ: ಐಟಿ ಕೆಲಸ. ಶುಕ್ರವಾರ ರಾತ್ರಿ ಶುರು ಮಾಡಿದರೆ ಬೆಳಗಿನ ಜಾವದವರೆಗೂ ಎಂಟು ಕಂತು ನೋಡಿಬಿಡುತ್ತೇನೆ. ಶನಿವಾರ ತಲೆನೋವು. ನಿಲ್ಲಿಸುವುದು ಹೇಗೆ? – ಬೆಂಗಳೂರು

ಉತ್ತರ: ರಾತ್ರಿ ನೋಡುವುದಕ್ಕೆ ಥ್ರಿಲ್ಲರ್ ತೆಗೆಯಬೇಡಿ. ಕಂತಿನ ಕೊನೆಗೆ ಒಂದು ಗಾಳ ಇಟ್ಟಿರುತ್ತಾರೆ, ಎಂಥವರೂ ಸಿಕ್ಕಿಬೀಳುತ್ತಾರೆ. ಅದರ ಬದಲು ಕಂತಿಗೊಂದು ಕಥೆ ಮುಗಿಯುವಂಥದ್ದು ಇಟ್ಟುಕೊಳ್ಳಿ. ಹಿಂದಿಯ ‘ಗುಲ್ಲಕ್’ ಇದೆ, ಕಥೆ ಹೇಳುವುದು ಮನೆಯ ಮಣ್ಣಿನ ಹುಂಡಿ. ಒಂದು ಸಾಮಾನ್ಯ ಕುಟುಂಬದ ಕರೆಂಟ್ ಬಿಲ್ಲು, ಪಕ್ಕದ ಮನೆಯ ಹೆಂಗಸು, ಮಗನ ಪರೀಕ್ಷೆ. ಒಂದು ನೋಡಿ ನೆಮ್ಮದಿಯಾಗಿ ಮಲಗಬಹುದು. ‘ಪಂಚಾಯತ್’ ಕೂಡ ಹಾಗೇ. ಭಾರವಾದದ್ದನ್ನು ಭಾನುವಾರ ಬೆಳಿಗ್ಗೆಗೆ ಇಡಿ. ‘ಚೆರ್ನೋಬಿಲ್’ ಬರೀ ಐದು ಕಂತು, ಆದರೆ ಒಂದೊಂದರ ನಂತರ ಸ್ವಲ್ಪ ಹೊರಗೆ ಓಡಾಡಿ ಬರಬೇಕು ಅನ್ನಿಸುತ್ತದೆ. 1986ರಲ್ಲಿ ಆ ಅಣು ಸ್ಥಾವರದಲ್ಲಿ ಏನಾಯಿತು, ಯಾರು ಸುಳ್ಳು ಹೇಳಿದರು, ಬೆಂಕಿ ಆರಿಸಲು ಹೋದವರ ಗತಿ ಏನಾಯಿತು ಅನ್ನುವುದನ್ನು ಅವಸರದಲ್ಲಿ ನೋಡಿದರೆ ಆ ಜನರಿಗೆ ನಾವು ಗೌರವ ಕೊಟ್ಟಂತಲ್ಲ.

ಪ್ರಶ್ನೆ: ನಮ್ಮ ಅಜ್ಜಿಗೆ 84. ಕಣ್ಣು ಮಂಜು. ಮೊಬೈಲ್ ಕೊಟ್ಟರೆ ಬೇಡ ಅನ್ನುತ್ತಾರೆ. ಏನು ಹಾಕಿಕೊಡಲಿ? – ಮೊಮ್ಮಗಳು, ಚನ್ನರಾಯಪಟ್ಟಣ

ಉತ್ತರ: ಮಾತು ಚೆನ್ನಾಗಿರುವುದನ್ನು ಹಾಕಿ, ಚಿತ್ರ ಹೇಗಿದ್ದರೂ ಪರವಾಗಿಲ್ಲ. ‘ಪಾಪ ಪಾಂಡು’ವಿನ ಹಳೆಯ ಕಂತುಗಳು ಅದಕ್ಕೆ ಬಹಳ ಒಳ್ಳೆಯದು, ಹೆಂಡತಿ ಪಾಚು ಗದರಿಸುವುದನ್ನು ಕೇಳಿದರೆ ಸಾಕು, ಗಂಡ ಪಾಂಡುವಿನ ಮುಖ ತಾನಾಗಿ ಕಣ್ಣಿಗೆ ಕಟ್ಟುತ್ತದೆ. ಮೊಬೈಲ್ ಬೇಡ, ಟಿವಿಗೇ ಹಾಕಿ, ದನಿ ಸ್ವಲ್ಪ ಜಾಸ್ತಿ ಇಡಿ. ‘ಗೃಹಭಂಗ’ ನಿಮ್ಮ ಸೀಮೆಯದೇ ಮಾತು, ಅಜ್ಜಿಗೆ ತುಂಬಾ ಹತ್ತಿರವಾಗುತ್ತದೆ. ಆದರೆ ಅದನ್ನು ಹಾಕುವ ದಿನ ನೀವು ಪಕ್ಕದಲ್ಲೇ ಇರಿ, ಪ್ಲೇಗಿನ ಭಾಗ ಬಂದಾಗ ಅವರ ಕೈ ಹಿಡಿದುಕೊಳ್ಳಬೇಕಾಗುತ್ತದೆ.