ಮೊದಲ ಆಲ್ಬಮ್, ಎರಡು ವಿಮರ್ಶೆ

ಪ್ರಶ್ನೆ: ನಾನೇ ಬರೆದು, ರಾಗ ಸಂಯೋಜಿಸಿ, ಗಿಟಾರ್ ನುಡಿಸಿ ಹಾಡಿದ ಮೊದಲ ಆಲ್ಬಮ್ ಈಚೆಗೆ ಬಿಡುಗಡೆಯಾಯಿತು. ಒಬ್ಬ ವಿಮರ್ಶಕರು ಸಾಹಿತ್ಯವನ್ನು ಮೆಚ್ಚಿದರೂ ಪದಗಳು ಸ್ಪಷ್ಟವಾಗಿ ಕೇಳಿಸುವುದಿಲ್ಲ ಎಂದರು. ಇನ್ನೊಬ್ಬರು ಧಾರವಾಡದ ಗಾಯನ ಪರಂಪರೆಯ ಸುಳಿವೇ ಇಲ್ಲ ಎಂದು ಬರೆದರು. ಯಾವುದಕ್ಕೆ ಕಿವಿಗೊಡಲಿ?
– ಓದುಗ, ಗದಗ

ಉತ್ತರ: ಮೊದಲನೆಯದಕ್ಕೆ, ತಡಮಾಡದೆ. ಪದಗಳ ಸ್ಪಷ್ಟತೆಯನ್ನು ನಿರ್ಧರಿಸುವ ವ್ಯಂಜನಗಳ ಧ್ವನಿ ಹೆಚ್ಚಾಗಿ 2ರಿಂದ 5 ಕಿಲೋಹರ್ಟ್ಸ್ ಕಂಪನದ ವ್ಯಾಪ್ತಿಯಲ್ಲಿರುತ್ತದೆ. ಉಕ್ಕಿನ ತಂತಿಯ ಗಿಟಾರನ್ನು ಬಿರುಸಾಗಿ ಮೀಟಿದಾಗ ಅದರ ನಾದವೂ ಅಲ್ಲಿಯೇ ಬಂದು ಕೂರುವುದರಿಂದ 'ತ', 'ಟ', 'ಸ'ಗಳು ಮಸುಕಾಗುತ್ತವೆ. ಮಿಕ್ಸಿಂಗ್ (ದನಿ, ವಾದ್ಯಗಳನ್ನು ಹದವಾಗಿ ಬೆರೆಸುವ ಕೆಲಸ) ಮಾಡುವವರಿಗೆ ಹೇಳಿ, ಆ ವ್ಯಾಪ್ತಿಯಲ್ಲಿ ಗಿಟಾರನ್ನಷ್ಟೇ ತುಸು ತಗ್ಗಿಸಿ, ಅಗ್ಗದ ಇಯರ್‌ಫೋನಿನಲ್ಲೂ ಕೇಳಿ ನೋಡಿ. ಬರೀ ದನಿಯ ಮಟ್ಟ ಏರಿಸಿದರೆ ಕಿರುಚಿದಂತಾದೀತು.

ಎರಡನೆಯ ಆಕ್ಷೇಪ ನನಗೆ ಅಷ್ಟು ಒಪ್ಪಿಗೆಯಿಲ್ಲ. ಕಿರಾಣಾ ಘರಾಣೆಯ (ಗುರುಪರಂಪರೆಯ) ಗಂಗೂಬಾಯಿ ಹಾನಗಲ್, ಜೈಪುರ-ಅತ್ರೌಲಿಯ ಮಲ್ಲಿಕಾರ್ಜುನ ಮನ್ಸೂರರ ಹಿಂದೂಸ್ತಾನಿ ಶಾಸ್ತ್ರೀಯ ಶೈಲಿಯಾದ ಖಯಾಲ್ ಗಾಯನದ ಅಳತೆಗೋಲನ್ನು ಗಿಟಾರಿನ ಹಾಡಿಗೆ ಹಿಡಿಯುವುದು ಇಬ್ಬರಿಗೂ ನ್ಯಾಯವಲ್ಲ. (ನಮ್ಮ ಕಡೆ ಯಾರು ಬಾಯಿ ತೆರೆದರೂ ಈ ಹೋಲಿಕೆ ತಪ್ಪಿದ್ದಲ್ಲ.) ಪರಂಪರೆಯೆಂದರೆ ಖಯಾಲ್ ಒಂದೇ ಅಲ್ಲ, ಹಾವೇರಿ ಜಿಲ್ಲೆಯ ಶಿಶುನಾಳದ ಷರೀಫರು ತತ್ವಪದಗಳನ್ನು ಕಟ್ಟಿದ್ದು ಆಡುನುಡಿಯ ಲಯದಲ್ಲಿ, ಮತ್ತು ರಘು ದೀಕ್ಷಿತರು 2008ರ ತಮ್ಮ ಚೊಚ್ಚಲ ಆಲ್ಬಮ್ಮಿನಲ್ಲಿ ಅವನ್ನೇ ಹೊಸ ವಾದ್ಯಗಳೊಂದಿಗೆ ಹಾಡಿದರು. ಆ ವಿಮರ್ಶಕರು ನಿರ್ದಿಷ್ಟವಾಗಿ ಯಾವುದಾದರೂ ಹಾಡನ್ನು ಹೆಸರಿಸಿದ್ದರೆ ಮಾತ್ರ ಅದನ್ನು ಮತ್ತೊಮ್ಮೆ ಕೇಳಿ ಪರಿಶೀಲಿಸಿ.